ಬೇಲಿಯ ಮೇಲಿನ ಬಟಾಣಿ

ಲೈಪ್ಜಿಗ್ ಪಟ್ಟಣಕ್ಕೆ ಬಂದ ಹೊಸದರಲ್ಲಿ ಟ್ರಾಮಿನ ಕಿಟಕಿಯಿಂದ ನನಗೊಂದು ಜೋಪಡಪಟ್ಟಿ ಕಂಡಿತು. ರೈಲು ಹಳಿಯ ಮಗ್ಗುಲಿಗೆ ಸಾಲಾಗಿ ಹಲಗೆಯ ಪುಟ್ಟ ಮನೆಗಳು, ಮೇಲೆ ತಗಡು, ಮುಂದೆ ಪ್ಲಾಸ್ಟಿಕ್ ಬ್ಯಾರಲ್‌ನಲ್ಲಿ ಹಿಡಿದಿಟ್ಟ ಮಳೆನೀರು, ಹಗ್ಗದ ಮೇಲೆ ಒಣಗುತ್ತಿದ್ದ ಟವೆಲ್ಲು. ಕಬ್ಬು ಕಡಿಯುವ ಹಂಗಾಮಿಗೆ ನಮ್ಮ ಕಡೆ ಬರುವ ಗ್ಯಾಂಗಿನವರು ಹೊಲದ ಅಂಚಿನಲ್ಲಿ ಹಾಕಿಕೊಳ್ಳುವ ಖೋಪಿಗಳ ಹಾಗೇ ಇತ್ತು. ಇಷ್ಟು ದುಡ್ಡಿರುವ ದೇಶದಲ್ಲೂ ಬಡವರನ್ನು ಹಳಿಯ ಪಕ್ಕಕ್ಕೇ ತಳ್ಳುತ್ತಾರಲ್ಲ ಎಂದುಕೊಂಡೆ. ಮರುದಿನ ಆಸ್ಪತ್ರೆಯಲ್ಲಿ ಜೊತೆಗೆ ಕೆಲಸ ಮಾಡುವ ನರ್ಸಿಗೆ ನನ್ನ ಮುರುಕು ಜರ್ಮನ್‌ನಲ್ಲಿ ಕೇಳಿದೆ, ಪಾಪ, ಆ ಜನ ಚಳಿಗಾಲದಲ್ಲಿ ಏನು ಮಾಡುತ್ತಾರೆ ಎಂದು.

ಅವಳು ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಅಲ್ಲಿ ಯಾರೂ ವಾಸವಿಲ್ಲ. ಅವು ತೋಟಗಳು. ಮಹಡಿ ಮನೆಗಳಲ್ಲಿ ಬೆಚ್ಚಗಿರುವ ಜನ ರಜೆಯ ದಿನ ಅಲ್ಲಿಗೆ ಹೋಗಿ ಮಣ್ಣು ಕೆದರುತ್ತಾರೆ, ಕಸ ಕೀಳುತ್ತಾರೆ, ಬೆವರು ಬಂದ ಮೇಲೆ ಕುರ್ಚಿ ಹಾಕಿಕೊಂಡು ಬಿಯರ್ ಕುಡಿಯುತ್ತಾರೆ. ಅಂಥದೊಂದು ತುಂಡು ನೆಲ ಸಿಗಬೇಕೆಂದು ವರ್ಷಗಟ್ಟಲೆ ಕಾಯುತ್ತಾರಂತೆ. ನನ್ನ ಅವ್ವ ನಮ್ಮೂರು ಅಲಖನೂರಿನಲ್ಲಿ ಮಂದಿಯ ಹೊಲದ ಕಸ ತೆಗೆದೇ ಸೊಂಟ ಕಳೆದುಕೊಂಡವಳು. ಅದೇ ಕೆಲಸಕ್ಕೆ ಇಲ್ಲಿ ಸರತಿಯಲ್ಲಿ ನಿಲ್ಲುತ್ತಾರೆಂದು ಕೇಳಿ ನಗು ಬರಬೇಕಿತ್ತು. ನನಗೆ ಸಿಟ್ಟೇ ಬಂತು.

ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಾನು ಸಿಟ್ಟಿನ ಹೆಂಗಸು. ಹುಟ್ಟಿದಾಗ ಅಳುವ ಬದಲು ಬೈದೆ ಎಂದು ಅವ್ವ ಹೇಳುತ್ತಾಳೆ. ರಾಯಬಾಗ, ಅಥಣಿ, ಚಿಕ್ಕೋಡಿ ಕಡೆಯ ನನ್ನ ಗೆಳತಿಯರು ಮೊಬೈಲಿನಲ್ಲಿ ಕೇಳುತ್ತಲೇ ಇರುತ್ತಾರೆ: ಅಲ್ಲಿಯ ತೋಟಗಳು ಭಾರಿ ಚಂದವಂತೆ, ಗುಲಾಬಿಯ ಫೋಟೋ ಹಾಕು, ಟ್ಯೂಲಿಪ್ ಮುಂದೆ ನಿಂತು ಒಂದು ಫೋಟೋ ಕಳಿಸು. ಚಂದವೇನೋ ಹೌದು. ಆದರೆ ಪಟ್ಟಣದ ತೋಟಗಳನ್ನು ಸುತ್ತಲು ಹೋದ ಒಂದು ಭಾನುವಾರ ನನ್ನ ಕೈಯಲ್ಲಿ ಹೂವು ಉಳಿಯಲಿಲ್ಲ, ಹಾಗಾಗಿ ಫೋಟೋದ ಬದಲು ಅದನ್ನೇ ಬರೆಯುತ್ತಿದ್ದೇನೆ.

ಆ ಚಿಕ್ಕ ತೋಟಕ್ಕೆ ಇಲ್ಲಿ ಕ್ಲೈನ್‌ಗಾರ್ಟನ್ ಎನ್ನುತ್ತಾರೆ. ಒಳಗಿನ ಹಲಗೆ ಮನೆ ಲಾವ್ಬೆ. ತೋಟಗಳನ್ನೆಲ್ಲ ಹಂಚಿ ಕಾಯುವ ಸಂಘ ಫೆರಾಯ್ನ್. ನೆಲ ಯಾರಿಗೂ ಸ್ವಂತವಲ್ಲ, ನಮ್ಮ ಕಡೆ ಲಾವಣಿಗೆ, ಅಂದರೆ ಗೇಣಿಗೆ, ಹಾಕಿಕೊಂಡಂತೆ ಹಾಕಿಕೊಳ್ಳಬೇಕು. ಆದರೂ ಗೇಟಿನ ಮೇಲೆ ನಿಮ್ಮ ಹೆಸರು ಬರೆದಿರುತ್ತಾರೆ. ಬೇಲಿ ಎದೆಗಿಂತ ಎತ್ತರ ಬೆಳೆಯಬಾರದು. ಮಧ್ಯಾಹ್ನ ರೂಹೆತ್ಸೈಟ್, ಅಂದರೆ ಸದ್ದು ಮಾಡಬಾರದ ಹೊತ್ತು. ಆಗ ಗುದ್ದಲಿ ಕಲ್ಲಿಗೆ ತಾಗಿದರೂ ಪಕ್ಕದವರು ತಲೆಯೆತ್ತಿ ನೋಡುತ್ತಾರೆ. ಬರೀ ಹೂವು ಹಾಕಿದರೆ ನಡೆಯುವುದಿಲ್ಲ, ತಿನ್ನುವುದನ್ನೂ ಬೆಳೆಯಲೇಬೇಕು.

ಇಷ್ಟೆಲ್ಲ ನಿಯಮ ಕೇಳಿ ಓಡಿಹೋಗಬೇಕಾಗಿತ್ತು. ಆದರೆ ಗೇಟಿನ ಮೇಲಿನ ಹೆಸರು ನನ್ನ ತಲೆಯಿಂದ ಹೋಗಲಿಲ್ಲ. ನಮ್ಮ ಓಣಿಯಲ್ಲಿ, ಬುದ್ಧವಿಹಾರದ ಸುತ್ತ ಇರುವ ಅಷ್ಟೂ ಮನೆಗಳಲ್ಲಿ, ಉತಾರ, ಅಂದರೆ ನೆಲದ ಪಹಣಿ, ತೆಗೆಸಿದರೆ ಹೆಸರು ಬರುವವರು ಬೆರಳೆಣಿಕೆಯಷ್ಟು ಜನ. ನಮ್ಮ ಮನೆತನದಲ್ಲಿ ಯಾರ ಹೆಸರಿಗೂ ಒಂದು ಗುಂಟೆ ನೆಲವಿಲ್ಲ. ಅಪ್ಪ ಬಸ್ಸಿನಲ್ಲಿ ಟಿಕೆಟ್ ಹರಿದ, ತಮ್ಮ ಶಾಲೆಯಲ್ಲಿ ಪಾಠ ಹೇಳುತ್ತಾನೆ, ನಾನು ಮಿರಜದಲ್ಲಿ ನರ್ಸಾಗಿ, ಕೊಲ್ಹಾಪುರದಲ್ಲಿ ಜರ್ಮನ್ ಕಲಿತು ಇಲ್ಲಿಗೆ ಬಂದೆ. ನೆಲ ಒಂದನ್ನು ಬಿಟ್ಟು ಬೇರೆಲ್ಲ ನಮಗೆ ಆಯಿತು. ಈ ಪಟ್ಟಣದಲ್ಲಿ ನನಗೆ ಬೇರೆ ಏನೂ ಬೇಡ, ಅಂಥದೊಂದು ತೋಟ ಬೇಕು ಎಂದು ಅವತ್ತೇ ಹಟ ಹಿಡಿದೆ.

ಆ ಹೊತ್ತಿಗೆ ನನ್ನ ಜೊತೆ ತ್ರಿಶಲಾ ಇದ್ದಳು. ಅವಳು ಸಿಕ್ಕಿದ್ದು ಇಲ್ಲಿಯ ಭಾರತೀಯ ದಿನಸಿ ಅಂಗಡಿಯಲ್ಲಿ. ಬೇಳೆ ಹುಡುಕುತ್ತಿದ್ದ ನನಗೆ ಆಚೆ ಸಾಲಿನಿಂದ, ಯಾರೋ ಫೋನಿನಲ್ಲಿ ತಮ್ಮನನ್ನು ಬೈಯುವುದು ಕೇಳಿಸಿತು: "ಒಂದ ಸಲ ಹೇಳಿದ್ರ ತಿಳಿಯಂಗಿಲ್ಲೇನಲೇ ನಿನಗ?" ಚೀಲ ಅಲ್ಲೇ ಬಿಟ್ಟು ಓಡಿದೆ.

"ಯಾವೂರ್ರಿ ನಿಮ್ದು?"

"ಕಾಗವಾಡ. ನಿಮ್ದು?"

"ರಾಯಬಾಗ ತಾಲೂಕಾ, ಅಲಖನೂರ."

"ಅಯ್ಯ! ನಮ್ಮ ಮಾವಶಿ ಮನಿ ನಿಮ್ಮ ಬಾಜೂಕಿನ ದಿಗ್ಗೇವಾಡಿ ಐತ್ರಿ!"

ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ನಾವು ಆಡಿದ ಮಾತಿಗೆ ಅಂಗಡಿಯವನು ಬೇಸತ್ತು, ದಾರಿ ಬಿಟ್ಟು ನಿಲ್ಲಿ ಎಂದು ಕೈಮುಗಿದ. ತ್ರಿಶಲಾ ಜೈನರ ಮನೆಯ ಹುಡುಗಿ. ಅವರದು ಹೊಲವೂ ಉಂಟು, ಅಥಣಿಯಲ್ಲಿ ಬೆಲ್ಲದ ವ್ಯಾಪಾರವೂ ಉಂಟು. ಇಲ್ಲಿ ಔಷಧಶಾಸ್ತ್ರ ಓದಲು ಬಂದಿದ್ದಳು. ತಿಂಗಳೊಳಗೆ ನಾವಿಬ್ಬರೂ ಒಂದು ವೇಗೇ ಹಿಡಿದೆವು. ವೇಗೇ ಎಂದರೆ ಕೋಣೆ ಬೇರೆ, ಅಡುಗೆಮನೆ ಒಂದೇ ಇರುವ ಪಾಲಿನ ಮನೆ. ಅಲ್ಲಿಯವರೆಗೆ ನಾನು ಇದ್ದ ಕೋಣೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಡ್ಯೂಟಿ ಮುಗಿಸಿ ಬಂದರೆ ಜರ್ಮನ್ ಸಾಕಾಗಿ ಒಬ್ಬಳೇ ಗೋಡೆಗೆ ಕನ್ನಡದಲ್ಲಿ ಬೈಯುತ್ತಿದ್ದೆ. ತ್ರಿಶಲಾ ಬಂದ ಮೇಲೆ ಬೈಯಲು ಒಬ್ಬಳು ಸಿಕ್ಕಳು.

ಅವಳು ಸೂರ್ಯ ಮುಳುಗಿದ ಮೇಲೆ ಉಣ್ಣುವವಳಲ್ಲ. ಇಲ್ಲಿಯ ಸೂರ್ಯನಿಗೆ ಈ ವಿಷಯ ಗೊತ್ತಿಲ್ಲ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗಿ ಪಾಪದವಳು ಕಾಲೇಜಿನ ಮೆಟ್ಟಿಲ ಮೇಲೆ ಕೂತು ರಾತ್ರಿಯ ಊಟ ಮುಗಿಸುತ್ತಿದ್ದಳು. ಬೇಸಿಗೆಯಲ್ಲಿ ಒಂಬತ್ತು ದಾಟಿದರೂ ಬಿಸಿಲು. ಆಗ ಎರಡು ಸಲ ಉಣ್ಣುತ್ತಿದ್ದಳು. ನೆಲದೊಳಗೆ ಬೆಳೆಯುವುದನ್ನೂ ತಿನ್ನುವುದಿಲ್ಲ, ಬಂದದ್ದು ಬಟಾಟೆಯ ದೇಶಕ್ಕೆ. ನನಗೆ ತತ್ತಿ ಬೇಕು, ಮೀನು ಬೇಕು. ಹಾಗಾಗಿ ಪಾತ್ರೆ ಬೇರೆ, ಫ್ರಿಜ್ಜಿನ ಅರೆ ಬೇರೆ. ತತ್ತಿಯ ಸಲುವಾಗಿ ಬೇರೆ ಎಂದು ಇಬ್ಬರೂ ಒಪ್ಪಿಕೊಂಡಿದ್ದೆವು. ಬರೀ ತತ್ತಿಯ ಸಲುವಾಗಿಯೇ ಏನು ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಅವಳು ಒಳ್ಳೆಯವಳು, ನನಗೆ ಜ್ವರ ಬಂದಾಗ ರಾತ್ರಿಯಿಡೀ ಕೂತಿದ್ದಳು.

ನಮ್ಮ ಕೆಳಗಿನ ಮನೆಯಲ್ಲಿ ಹೆರ್ ವಿಂಕ್ಲರ್ ಎಂಬ ಹಿರಿಯರಿದ್ದರು. ಹೆರ್ ಎಂದರೆ ನಮ್ಮ 'ಶ್ರೀ'. ಅವರಿಗೊಂದು ಕ್ಲೈನ್‌ಗಾರ್ಟನ್ ಇತ್ತು, ಆದರೆ ಮಂಡಿ ಹೋಗಿ ಬಗ್ಗಲು ಆಗುತ್ತಿರಲಿಲ್ಲ. ಬಿಟ್ಟುಕೊಡುತ್ತೇನೆ ಎಂದು ಮೆಟ್ಟಿಲ ಮೇಲೆ ಒಮ್ಮೆ ಹೇಳಿದಾಗ, ನನಗೆ ಕೊಡಿ ಎಂದು ಬಾಯಿಬಿಟ್ಟು ಕೇಳಿದೆ. ಕೊಡುವುದು ಅವರ ಕೈಯಲ್ಲಿಲ್ಲ, ಸಂಘದವರ ಕೈಯಲ್ಲಿ. ಅಕ್ಕಪಕ್ಕದವರು ಬೇಡ ಎಂದರೆ ಸಂಘದವರೂ ಬೇಡ ಎನ್ನುತ್ತಾರೆ. "ಬರುವ ಭಾನುವಾರ ಬಾ, ನಿನ್ನನ್ನು ಎಲ್ಲರೂ ಒಮ್ಮೆ ನೋಡಲಿ, ಗೆಳತಿಯನ್ನೂ ಕರೆದುಕೊಂಡು ಬಾ" ಎಂದರು. ಹೆಣ್ಣು ತೋರಿಸುವ ಶಾಸ್ತ್ರ ಜರ್ಮನಿಯಲ್ಲೂ ನನ್ನನ್ನು ಬಿಡಲಿಲ್ಲ.

ಹೇಗೂ ಹೊರಡುವುದು, ಬೆಳಿಗ್ಗೆಯೇ ಹೊರಟು ದಾರಿಯಲ್ಲಿನ ತೋಟಗಳನ್ನೆಲ್ಲ ನೋಡಿಕೊಂಡು ಹೋಗೋಣ ಎಂದಳು ತ್ರಿಶಲಾ. ಇಬ್ಬರೂ ಬೆನ್ನಿಗೆ ರುಕ್ಸಾಕ್ ಏರಿಸಿದೆವು. ಈ ದೇಶದಲ್ಲಿ ರಜೆ ಬಂದರೆ ಮುದುಕರೂ ಬೆನ್ನಿಗೆ ಚೀಲ ಕಟ್ಟಿಕೊಂಡು ನಡೆಯುತ್ತಾರೆ. ನಮ್ಮಲ್ಲಿ ಬೆನ್ನಿಗೆ ಪುಸ್ತಕದ ದಪ್ತರ ಹಾಕುವುದು ಶಾಲೆ ಮುಗಿಯುವವರೆಗೆ; ಆಮೇಲೆ ಬೆನ್ನ ಮೇಲೆ ಏನಾದರೂ ಇದ್ದರೆ ಅದು ಗೊಬ್ಬರದ ಚೀಲ, ಇಲ್ಲವೇ ಕಬ್ಬಿನ ಹೊರೆ. ನನ್ನ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಒಂದು ಛತ್ರಿ. ಅವಳ ಚೀಲದಲ್ಲಿ ಸೋಸಿದ ನೀರು.

ಮೊದಲು ಸಸ್ಯೋದ್ಯಾನ. ಅಲ್ಲಿಯ ಗಾಜಿನ ಮನೆಯೊಳಗೆ ಕಾಲಿಟ್ಟರೆ ಮೇ ತಿಂಗಳ ನಮ್ಮ ಸೆಕೆ. ಬಾಳೆಯ ಗಿಡದ ಮುಂದೆ ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಅದರಾಚೆ ಹಗ್ಗ ಕಟ್ಟಿ ಒಳಗೆ ನಾಲ್ಕಾರು ಬಡಕಲು ದಂಟು ನಿಲ್ಲಿಸಿದ್ದರು, ಮುಂದೊಂದು ಹೆಸರಿನ ಫಲಕ, ಕೆಳಗೆ ಮುಟ್ಟಬಾರದು ಎಂಬ ಸೂಚನೆ. ಕಬ್ಬು! ಯಾವುದರ ಎಲೆ ತಾಗಿ ಕೈ ಗೀರಿ ನಮ್ಮ ಓಣಿಯ ಹೆಂಗಸರಿಗೆ ಬಳೆ ತೊಡಲು ಜಾಗ ಉಳಿದಿಲ್ಲವೋ, ಆ ಕಬ್ಬಿನ ಜೊತೆ ಒಬ್ಬಾತ ತನ್ನ ಮಗುವನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ.

"ನೋಡ ಹ್ಯಾಂಗ ಹಗ್ಗಾ ಕಟ್ಯಾರ, ದೇವರ ಗರ್ಭಗುಡಿ ಇದ್ದಾಂಗ," ತ್ರಿಶಲಾ ಕನ್ನಡದಲ್ಲಿ ಗಟ್ಟಿಯಾಗಿಯೇ ನಕ್ಕಳು. "ನಮ್ಮ ಹೊಲದಾಗ ಯಾರ ಬಂದ್ರೂ ಕಬ್ಬ ಮುರದ ತಿಂದ ಹೋಗ್ತಾರ. ಯಾರೂ ಒಂದ ಮಾತ ಕೇಳಂಗಿಲ್ಲ. ಹೊಲದಾಗ ತಿಂದಿದ್ದು ಕಳವಲ್ಲ ಅಂತಾರ ನಮ್ಮ ಅಜ್ಜಾ. ಬಂದಾವ್ರನ್ನ ಖಾಲಿ ಕೈಲೆ ಕಳಸೂದ ಇಲ್ಲ ನಾವು."

ನಾನು ಹೂಂ ಎಂದೆ. ಆ ಪದ್ಧತಿ ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮ ಸೀಮೆಯಲ್ಲಿ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳದವರಿಲ್ಲ. ಜೋಳದ ಎಳೆಯ ತೆನೆಯ ಸೀತನಿ ಸುಟ್ಟಾಗ ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆಯುತ್ತಾರೆ, ಹೋಗುವಾಗ ಹೆಂಗಸರ ಸೆರಗಿನ ಉಡಿ ತುಂಬಿ ಕಳಿಸುತ್ತಾರೆ. ಇಲ್ಲಿಯ ಹಗ್ಗ ಕಂಡಾಗ ನನಗೂ ಒಂದು ಗಳಿಗೆ ಊರು ದೊಡ್ಡದೆನಿಸಿತು. ಆದರೆ ಅವಳು ಹೇಳಿದ 'ಯಾರು ಬಂದರೂ' ಎಂಬುದು ಹಲ್ಲಿನ ಸಂದಿಯಲ್ಲಿ ಕಬ್ಬಿನ ಸಿಬಿರು ಸಿಕ್ಕಂತೆ ಸಿಕ್ಕಿಕೊಂಡಿತು.

ಗುಲಾಬಿ ತೋಟ, ಕೊಳದ ತೋಟ, ಬಿಸಿಲಿಗೆ ಅರೆಬತ್ತಲೆ ಮಲಗಿದ್ದ ಜನರ ನಡುವೆ ಹಾಯುವ ದೊಡ್ಡ ಪಾರ್ಕು, ಎಲ್ಲ ನೋಡಿದೆವು. ಬೆಂಚಿನ ಮೇಲೆ ಕೂತು ರೊಟ್ಟಿ ತಿಂದೆವು. ಹಿಂಡಿಯಲ್ಲಿ ಬೆಳ್ಳುಳ್ಳಿ ಇತ್ತೆಂದು ಅವಳು ಬರೀ ರೊಟ್ಟಿ, ಮೊಸರು ತಿಂದಳು. ಬಿಸಿಲು ಇಳಿಯುವ ಹೊತ್ತಿಗೆ ವಿಂಕ್ಲರ್ ಅವರ ತೋಟ ಮುಟ್ಟಿದೆವು.

ತೋಟ ಪುಟ್ಟದು. ಎರಡು ಸೇಬಿನ ಗಿಡ, ಒಂದು ಲಾವ್ಬೆ, ಅರ್ಧ ಪಾಳು ಬಿದ್ದ ಪಾತಿಗಳು. ಮಣ್ಣು ಕಪ್ಪಗೆ, ಪುಡಿಪುಡಿಯಾಗಿತ್ತು. ಹಿಡಿಯಲ್ಲಿ ತೆಗೆದುಕೊಂಡರೆ ತಂಪು. ವಿಂಕ್ಲರ್ ಮುಂದೆ, ಅವರ ಹಿಂದೆ ನಾನು, ನನ್ನ ಹಿಂದೆ ತ್ರಿಶಲಾ ಬೇಲಿಯ ಪಕ್ಕದ ಕಿರುದಾರಿಯಲ್ಲಿ ನಡೆದೆವು. ಇಲ್ಲಿ ಮೆಣಸಿನಕಾಯಿ ಬರುತ್ತದೆಯೇ, ಮೆಂತ್ಯ ಬರುತ್ತದೆಯೇ ಎಂದು ನಾನು ಕೇಳುತ್ತಿದ್ದೆ, ಅವರು ಖುಷಿಯಾಗಿ ಹೇಳುತ್ತಿದ್ದರು. ಆಯಿತು, ಈ ನೆಲ ನನಗೆ ಸಿಗುತ್ತದೆ ಎಂದು ನನ್ನ ಮನಸ್ಸು ಆಗಲೇ ಅಲ್ಲಿ ಹೆಸರು ಬರೆದು ಮುಗಿಸಿತ್ತು.

ಬೇಲಿಯಾಚೆ ಫ್ರಾವ್, ಅಂದರೆ ಶ್ರೀಮತಿ, ಹೋಪೆ ಎಂಬ ಹೆಂಗಸಿನ ತೋಟ. ಅವಳ ಬಟಾಣಿ ಬಳ್ಳಿ ಬೇಲಿಯ ಮೇಲೇರಿ ಈಚೆ ಬಾಗಿ, ಕಾಯಿ ತುಂಬಿ ಜೋತಾಡುತ್ತಿತ್ತು. ನನ್ನ ಹಿಂದೆ ಬರುತ್ತಿದ್ದ ತ್ರಿಶಲಾ ಅದನ್ನು ಹರಿದು ತಿನ್ನುತ್ತ ಬಂದಿದ್ದಾಳೆ. ತಿಂದದ್ದಲ್ಲದೆ, ಗೆಳತಿಗೂ ಇರಲಿ ಎಂದು ನನ್ನ ರುಕ್ಸಾಕಿನ ಪಕ್ಕದ ಜೇಬಿಗೆ ಒಂದು ಹಿಡಿ ತುರುಕಿದ್ದಾಳೆ. ನನಗೆ ಗೊತ್ತೇ ಇಲ್ಲ.

"ನಿಲ್ಲಿ!" ಎಂದು ಕೂಗು ಬಂತು. ಫ್ರಾವ್ ಹೋಪೆ ಕೈಯಲ್ಲಿ ಕತ್ತರಿ ಹಿಡಿದು ಬೇಲಿಯ ಹತ್ತಿರ ಬಂದಳು. ತ್ರಿಶಲಾಳ ಬಾಯಿ ಇನ್ನೂ ಆಡುತ್ತಿತ್ತು. ಆದರೆ ತ್ರಿಶಲಾ ಗೋಧಿ ಬಣ್ಣದವಳು, ನಾನು ಕಪ್ಪು. ಹೋಪೆ ನೋಡಿದ್ದು ನನ್ನನ್ನು. "ಬಿಟ್ಟೆ, ಚೀಲ ತೆರೆಯಿರಿ" ಎಂದಳು. ಬಿಟ್ಟೆ ಎಂದರೆ ದಯವಿಟ್ಟು. ಈ ದೇಶದಲ್ಲಿ ಅವಮಾನ ಮಾಡುವಾಗಲೂ ಆ ಮಾತೊಂದನ್ನು ಮರೆಯುವುದಿಲ್ಲ.

ನಾನು ಜರ್ಮನ್ ಕಲಿತವಳು. ಆಸ್ಪತ್ರೆಯಲ್ಲಿ ಡಾಕ್ಟರರಿಗೇ ಎದುರುತ್ತರ ಕೊಡುವವಳು. ಯಾಕೆ ತೆರೆಯಬೇಕು ಎಂದು ಕೇಳಲು ನನಗೆ ಬರುತ್ತಿತ್ತು. ಆದರೆ ನನ್ನ ಕೈ ನನ್ನನ್ನು ಕೇಳಲಿಲ್ಲ. ಚೀಲ ಹೆಗಲಿನಿಂದ ಇಳಿಯಿತು, ಜಿಪ್ಪು ಸರಿಯಿತು, ಅದನ್ನು ಬೋರಲು ಹಿಡಿದು ಝಾಡಿಸಿಬಿಟ್ಟೆ. ಹಿಂಡಿಯ ಡಬ್ಬಿ, ಛತ್ರಿ, ರೊಟ್ಟಿಯ ಚೂರು ಬಿದ್ದವು. ಕೊನೆಗೆ ಪಕ್ಕದ ಜೇಬಿನಿಂದ ಹಸಿರು ಬಟಾಣಿ ಬಿದ್ದಿತು.

"ನಮ್ಮ ದೇಶದಲ್ಲಿ ಹೊಲಕ್ಕೆ ಬಂದವರು ತಿನ್ನಬಹುದು, ಅದು ನಮ್ಮ ಪದ್ಧತಿ" ಎಂದು ತ್ರಿಶಲಾ ನಗುತ್ತ ಇಂಗ್ಲಿಷಿನಲ್ಲಿ ಹೇಳಿದಳು. ಹರಿದದ್ದು ತಾನು ಎಂದು ಮಾತ್ರ ಹೇಳಲಿಲ್ಲ. ವಿಂಕ್ಲರ್ ಲಾವ್ಬೆಯೊಳಗಿನಿಂದ ಅಳತೆಯ ಟೇಪು ತಂದು, ಹೋಪೆಯ ಬೇಲಿಗೆ ಹಿಡಿದು, ಇದು ನಿಯಮಕ್ಕಿಂತ ಎತ್ತರ ಬೆಳೆದಿದೆ, ಈ ಬಳ್ಳಿ ಇಲ್ಲಿಗೆ ಬರಲೇಬಾರದಾಗಿತ್ತು ಎಂದರು. ಹೋಪೆ ಕೆಂಪಗಾದಳು. ಇಬ್ಬರೂ ಬೇಲಿಯ ಎತ್ತರದ ಮೇಲೆ ವಾದ ಮಾಡಿದರು. ಆ ವಾದದಲ್ಲಿ ನಾನು ಗೆದ್ದೆನಂತೆ. ನನ್ನ ಕ್ಷಮೆಯನ್ನು ಮಾತ್ರ ಯಾರೂ ಕೇಳಲಿಲ್ಲ, ಬಿದ್ದ ಡಬ್ಬಿಯನ್ನು ನಾನೇ ಆರಿಸಿಕೊಂಡೆ.

ಟ್ರಾಮಿನ ನಿಲ್ದಾಣದವರೆಗೆ ತ್ರಿಶಲಾಳದೇ ಮಾತು.

"ಒಂದ ಹಿಡಿ ವಟಾಣಿಗೆ ಎಷ್ಟ ದೊಡ್ಡ ರಾದ್ಧಾಂತ ಮಾಡಿದ್ಲಲ್ಲ ಬೇ ಆ ಮುದುಕಿ. ನಮ್ಮ ಕಡೆ ಆಗಿದ್ರ ಉಡಿ ತುಂಬಿ ಕಳಸ್ತಿದ್ರು."

"ಯಾರಿಗೆ?"

"ಯಾರಿಗಂದ್ರ? ಬಂದಾವ್ರಿಗೆ."

"ದುಡ್ಯಾಕ ಬಂದಾವ್ರಿಗೆ?"

ಅವಳಿಗೆ ತಿಳಿಯಲಿಲ್ಲ. ತಿಳಿಯುವಂತೆ ಹೇಳಿದೆ, ನಿಲ್ದಾಣದಲ್ಲಿದ್ದ ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ.

ನಾನಾಗ ಶಾಲೆಗೆ ಹೋಗುತ್ತಿದ್ದ ಹುಡುಗಿ. ಅವ್ವ ಹೆಸರುಕಾಯಿ ಬಿಡಿಸಲು ಒಬ್ಬರ ಹೊಲಕ್ಕೆ ಹೋಗಿದ್ದಳು, ರಜೆಯೆಂದು ನಾನೂ ಹಿಂದೆ ಹೋಗಿದ್ದೆ. ಅವತ್ತು ಆ ಹೊಲದವರ ಬೀಗರು ಪಟ್ಟಣದಿಂದ ಬಂದಿದ್ದರು. ಬೀಗರ ಮಕ್ಕಳು ಹೊಲವೆಲ್ಲ ಓಡಾಡಿ ಕಾಯಿ ಹರಿದು ತಿಂದು ಸಿಪ್ಪೆ ಎರಚಿದರು. ಹೋಗುವಾಗ ಅವರ ಗಾಡಿಗೆ ಒಂದು ಚೀಲ ಏರಿಸಿದರು. ಸಂಜೆ ಕೂಲಿಯ ಹೆಂಗಸರು ಮನೆಗೆ ಹೊರಟಾಗ, ಬದುವಿನ ಮೇಲೆ ಕೂತಿದ್ದ ಆ ಮನೆಯ ಹೆಂಗಸು "ಉಡಿ ಝಾಡಸ್ರಿ" ಎಂದಳು. ದಿನಾ ಹೇಳುವ ಮಾತು. ಹೆಂಗಸರೆಲ್ಲ ಸಾಲಾಗಿ ನಿಂತು ಉಡಿ ಬಿಚ್ಚಿ ಝಾಡಿಸಿದರು. ನನ್ನವ್ವನ ಉಡಿಯಿಂದ ಒಂದು ಹಿಡಿ ಕಾಯಿ ಬಿದ್ದಿತು. ನನ್ನ ಸಲುವಾಗಿ ಇಟ್ಟುಕೊಂಡದ್ದು. ಅವ್ವ ನಕ್ಕಳು. ಆ ನಗು ನೋಡಿದ ದಿನದಿಂದ ನನಗೆ ಈ ಸಿಟ್ಟು ಇದೆ, ಯಾರ ಮೇಲೆ ತೀರಿಸಬೇಕೆಂದು ತಿಳಿಯದೆ ಸಿಕ್ಕಸಿಕ್ಕವರ ಮೇಲೆ ತೀರಿಸಿದ್ದೇನೆ.

"ಅದು ನಮ್ಮ ಹೊಲ ಅಲ್ಲ, ಸುಜಾತಾ," ತ್ರಿಶಲಾಳ ದನಿ ಇಳಿದಿತ್ತು.

ಹೌದು, ಅಲ್ಲ. ಅವಳ ತಾಲೂಕು ಬೇರೆ, ಮನೆತನ ಬೇರೆ, ಆ ಹೊಲದವರು ಅವಳ ಜನವೂ ಅಲ್ಲ. ಆದರೆ ಸಿಟ್ಟಿಗೆ ಉತಾರ ಓದಲು ಬರುವುದಿಲ್ಲ.

"ನಿಮ್ಮ ಹೊಲದಾಗ ಏನ ಮಾಡ್ತಾರ? ಕೂಲಿಯವರು ಮನಿಗೆ ಹೋಗೂಮುಂದ?"

"ನಾ ಅಷ್ಟೊತ್ತನಕಾ ಹೊಲದಾಗ ಇರತಿದ್ದಿಲ್ಲ" ಎಂದಳು.

"ಆಕಿಗೆ ಯಾಕ ಹೇಳಲಿಲ್ಲ, ವಟಾಣಿ ಹರದಾಕಿ ನಾನ ಅಂತ?"

"ಹೇಳೂದೇನೈತಿ? ನಾ ಕಳವು ಮಾಡಿಲ್ಲಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ, ಅದೇ ನನಗೆ ತಡೆಯದಾದದ್ದು. ಬೇಲಿಯ ಮೇಲಿನ ಕಾಯಿಗೆ ಕೈಹಾಕುವಾಗ ಕಳವು ಎಂಬ ಮಾತು ಅವಳ ತಲೆಗೇ ಬರುವುದಿಲ್ಲ. ಹುಟ್ಟಿದಾಗಿನಿಂದ ಅವಳು ಎಲ್ಲ ಹೊಲಕ್ಕೂ ಬೀಗರ ಮಗಳು. ಮುಟ್ಟದೆಯೂ ನನ್ನ ಕೈ ಝಾಡಿಸುತ್ತದೆ. ಒಂದೇ ಸೀಮೆಯ ಮಣ್ಣು ಇಬ್ಬರ ಕೈಗೆ ಎರಡು ಬಗೆಯ ಪಾಠ ಹೇಳಿ ಕಳಿಸಿದೆ. ಆ ಮಾತನ್ನು ಅವಳಿಗೆ ಹೇಳಲು ನನಗೆ ಆಗಲಿಲ್ಲ, "ನಡಿ ಅತ್ಲಾಗ" ಎಂದು ಬೇರೆ ಟ್ರಾಮು ಹತ್ತಿ ಹೋದೆ.

ಮನೆಯಲ್ಲಿ ಆಮೇಲೆ ಫ್ರಿಜ್ಜಿನ ಬಾಗಿಲಿನ ಸದ್ದೇ ಮಾತು. ಬೇಸಿಗೆ ಮುಗಿಯುವ ಹೊತ್ತಿಗೆ ಅವಳು ಕಾಲೇಜಿನ ಹತ್ತಿರ ಹಾಸ್ಟೆಲ್ ಸಿಕ್ಕಿತೆಂದು ಹೋದಳು. ಹೋಗುವಾಗ ನನ್ನ ಅರೆಯಲ್ಲಿ ಒಂದು ಡಬ್ಬಿ ಬೆಲ್ಲ ಇಟ್ಟಿದ್ದಳು. ಅದನ್ನು ತಿನ್ನಲೂ ಆಗದೆ ಎಸೆಯಲೂ ಆಗದೆ ಇಟ್ಟುಕೊಂಡೆ. ಗೋಡೆಗೆ ಬೈಯುವುದು ಮತ್ತೆ ಶುರುವಾಯಿತು.

ತೋಟ ನನಗೇ ಸಿಕ್ಕಿತು. ಸಂಘದವರ ಮುಂದೆ ಹೋಪೆ ಬೇಡ ಎನ್ನಲಿಲ್ಲವಂತೆ. ಬೇಲಿ ಕತ್ತರಿಸಿಕೊಂಡು ಸುಮ್ಮನಿದ್ದಳಂತೆ. ಚಳಿಗಾಲ ಕಳೆದು ಮಣ್ಣು ಸಡಿಲಾದ ಮೊದಲ ದಿನ ಅಲ್ಲಿ ನಿಂತು, ಕೈಯಲ್ಲಿ ಗುದ್ದಲಿ ಹಿಡಿದು, ಅವ್ವನಿಗೆ ವಿಡಿಯೋ ಕರೆ ಮಾಡಿದೆ. ತಮ್ಮನ ಮಗಳು ಫೋನು ಹಿಡಿದುಕೊಂಡಿದ್ದಳು. ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರ ಹೊಲದಾಗ ನಿಂತೀಯ ಯವ್ವಾ? ದವಾಖಾನಿ ಕೆಲಸಾ ಬಿಟ್ಟೇನ?"

"ನಂದ ಬೇ. ಗೇಟಿನ ಮ್ಯಾಲ ನನ್ನ ಹೆಸರೈತಿ ನೋಡ."

ಗೇಟು ತೋರಿಸಿದೆ. ಅವ್ವನಿಗೆ ಆ ಅಕ್ಷರ ಬರುವುದಿಲ್ಲ, ಮೊಮ್ಮಗಳು ಓದಿ ಹೇಳಿದಳು. ಅವ್ವ ಸೆರಗಿನಿಂದ ಫೋನಿನ ಗಾಜು ಒರೆಸಿದಳು. ಆಮೇಲೆ, "ನೀರ ಎಲ್ಲಿಂದ ತರ್ತಿ?" ಎಂದು ಕೇಳಿದಳು. ಲಾವಣಿಯ ನೆಲ, ನಾಳೆ ಸಂಘದವರು ಬೇಡ ಎಂದರೆ ಬಿಡಬೇಕು ಎಂದು ನಾನು ಹೇಳಲಿಲ್ಲ. ಅಲಖನೂರು ನನ್ನ ಊರು, ಅಲ್ಲಿ ನನಗೆ ಅಂಗೈಯಷ್ಟು ನೆಲವಿಲ್ಲ. ನೆಲ ಇರುವ ಇಲ್ಲಿ, ನಾನು ಬಿದ್ದು ಕಾಲು ಮುರಿದುಕೊಂಡರೆ ಓಡಿ ಬರುವ ಓಣಿಯಿಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಗೆ ಹೇಳುವುದು.

ಆ ಜೂನಿನಲ್ಲಿ, ನಾನು ಬೆಳೆದ ಬಟಾಣಿ ಕಾಯಿ ತುಂಬಿದ ಭಾನುವಾರ, ಗೇಟಿನ ಹೊರಗೆ ತ್ರಿಶಲಾ ಬಂದು ನಿಂತಳು. ಬೆನ್ನ ಮೇಲೆ ಅದೇ ರುಕ್ಸಾಕ್. ಆ ಗೇಟು ನನ್ನ ಸೊಂಟದಷ್ಟು ಎತ್ತರ, ಬೆರಳಿನಿಂದ ತಳ್ಳಿದರೆ ತೆರೆಯುತ್ತದೆ. ಅವಳು ತಳ್ಳಲಿಲ್ಲ.

"ಒಳಗ ಬರ್ಲೇನ, ಸುಜಾತಾ?"

ಪಾತಿಯ ಆ ಕೊನೆಯವರೆಗೆ ಕಸ ಕಿತ್ತೆ. ಅವಳು ಹೊರಗೆ ನಿಂತಿದ್ದಳು. ನಿಲ್ಲಲಿ ಎಂದುಕೊಂಡೆ, ಹಾಗೆ ಅಂದುಕೊಂಡಾಗ ಹಾಯೆನಿಸಿತು ಎಂಬುದನ್ನು ನಿಮ್ಮಿಂದ ಯಾಕೆ ಮುಚ್ಚಿಡಲಿ. ಆಮೇಲೆ "ಬಾ" ಎಂದೆ.

ಬಂದು ಕಸ ಕಿತ್ತಳು, ನೀರು ಹಾಕಿದಳು. ಕಾಯಿ ಬಿಡಿಸುವಾಗ ಒಂದನ್ನೂ ಬಾಯಿಗೆ ಹಾಕಲಿಲ್ಲ, ಎಲ್ಲವನ್ನೂ ನನ್ನ ಬುಟ್ಟಿಗೇ ಹಾಕಿದಳು. ಬಿಸಿಲು ಇನ್ನೂ ಇದ್ದಾಗಲೇ, ಊಟದ ಹೊತ್ತಾಯಿತು ಎಂದು ಎದ್ದಳು. ಗೇಟಿನ ಹತ್ತಿರ ಹೋದವಳು ನಿಂತು, ಹೆಗಲಿನಿಂದ ಚೀಲ ಇಳಿಸಿ, ಜಿಪ್ಪು ಎಳೆದು, ಬೋರಲು ಹಿಡಿದು ಝಾಡಿಸಿದಳು. ನೀರಿನ ಬಾಟಲಿ, ಒಂದು ಪುಸ್ತಕ, ಬಾಚಣಿಕೆ ಬಿದ್ದವು. ಕಾಯಿ ಒಂದೂ ಇರಲಿಲ್ಲ.

ನನ್ನ ಮೈಯೆಲ್ಲ ಉರಿದುಹೋಯಿತು. "ಯಾರ ಹೇಳಿದ್ರಲೇ ನಿನಗ, ಝಾಡ್ಸಂತ?"

"ಯಾರೂ ಹೇಳಿಲ್ಲ. ಝಾಡ್ಸಿದ್ರ ಹ್ಯಾಂಗ ಅನಸ್ತೈತಿ ನೋಡಬೇಕಾಗಿತ್ತು."

"ಹ್ಯಾಂಗ ಅನಸ್ತು?"

ಅವಳು ಖಾಲಿ ಚೀಲ ಹಿಡಿದುಕೊಂಡೇ ವಿಚಾರ ಮಾಡಿದಳು. "ಏನೂ ಅನಸಲಿಲ್ಲ" ಎಂದಳು. "ನೀ ಹೇಳಿದ್ದಿಲ್ಲಲ್ಲ, ಅದಕ್ಕ."

'ಝಾಡಸು' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬೇಲಿ ನನ್ನದು, ಗೇಟು ನನ್ನದು, ಕಾಯಿ ನನ್ನವು, ಹೇಳುವ ಅಧಿಕಾರ ಆ ಗಳಿಗೆ ನನ್ನಲ್ಲಿ ಪೂರ್ತಿಯಾಗಿತ್ತು. ಅವಳೂ ಅದಕ್ಕಾಗಿಯೇ ಕಾಯುತ್ತಿರುವಂತೆ ನನ್ನ ಮುಖ ನೋಡುತ್ತಿದ್ದಳು. ನಾನು ಬಗ್ಗಿದೆ. ಬಾಟಲಿ, ಪುಸ್ತಕ, ಬಾಚಣಿಕೆ ಆರಿಸಿ ಅವಳ ಚೀಲಕ್ಕೆ ಹಾಕಿ, ಪಕ್ಕದ ಜೇಬಿಗೆ ಬುಟ್ಟಿಯಿಂದ ಒಂದು ಹಿಡಿ ಬಟಾಣಿ ಹಾಕಿದೆ. "ಹೋಗ, ಹೊತ್ತ ಮುಳಗ್ತೈತಿ" ಎಂದೆ.

ಅವಳು ತಿರುವಿನಲ್ಲಿ ಮರೆಯಾದ ಮೇಲೆ ಅವ್ವನಿಗೆ ಫೋನು ಮಾಡಿದೆ. ಯಾರು ಬಂದಿದ್ದರು, ಏನಾಯಿತು ಎಂದು ಅರ್ಧ ಮಾತ್ರ ಹೇಳಿದೆ. ಝಾಡಿಸಿದ್ದನ್ನು ಹೇಳಲಿಲ್ಲ.

"ಹೋಗೂಮುಂದ ಏನರ ಕೊಟ್ಟಿ ಇಲ್ಲ?"

"ಕೊಟ್ಟೆ ಬೇ. ಒಂದ ಹಿಡಿ."

"ಒಂದ ಹಿಡಿ?" ಅವ್ವನಿಗೆ ನಿಜವಾಗಿಯೂ ಸಿಟ್ಟು ಬಂತು. ಅವಳ ಸಿಟ್ಟು ನಾನು ಕಂಡದ್ದೇ ಕಡಿಮೆ. "ಹೊಲಕ್ಕ ಬಂದಾಕೀನ ಯಾರರ ಒಂದ ಹಿಡಿ ಕೊಟ್ಟ ಕಳಸ್ತಾರೇನ? ಉಡಿ ತುಂಬ ಕೊಡಬೇಕವ್ವಾ. ನಿಂದ ಹೊಲಾ ಅಲ್ಲೇನ ಅದು?"